ಸೆಲ್ಫ್ ಹೋಗಿದೆ ಅಂದರು

ಭಾನುವಾರ ಬೆಳಿಗ್ಗೆ ಕೀಲಿ ತಿರುಗಿಸಿದರೆ ಗಾಡಿ ‘ಟಕ್’ ಅಂತು, ಅಷ್ಟೆ. ಇನ್ನೊಮ್ಮೆ ತಿರುಗಿಸಿದೆ. ಟಕ್. ಡ್ಯಾಶ್‌ಬೋರ್ಡಿನ ಕೆಂಪು ದೀಪ ಒಂದು ಗಳಿಗೆ ತುಸು ಸಪ್ಪಗಾಗಿ ಮತ್ತೆ ಬೆಳಗಿತು. ನಂಜನಗೂಡಿಗೆ ಹೊರಟಿದ್ದ ನಾವು ನಾಲ್ಕು ಜನ, ಮಡಿಲ ಮೇಲೊಂದು ಹಣ್ಣುಕಾಯಿ ಬುಟ್ಟಿ, ಎಲ್ಲ ಹಾಗೇ ಕೂತಿದ್ದೆವು. ಗೇಟಿನಾಚೆ ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದ ಪಕ್ಕದ ಮನೆಯವರು ಅಲ್ಲಿಂದಲೇ ತೀರ್ಪು ಕೊಟ್ಟರು: “ಸೆಲ್ಫ್ ಹೋಗಿದೆ ಸಾರ್, ಹೊಸದು ಹಾಕಿಸ್ಬಿಡಿ.”

ಗಾಡಿ ಅಪ್ಪನ ಕಾಲದ ಅಂಬಾಸಿಡರ್, ಮಾರ್ಕ್-3. ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಿಂದ ಹುಟ್ಟಿದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ನಮ್ಮದರಲ್ಲಿರುವುದು 1489 ಸಿಸಿಯ ಪೆಟ್ರೋಲ್ ಇಂಜಿನ್. ಇದರ ದೊಡ್ಡಪ್ಪನ ಮಕ್ಕಳು ಇಂಗ್ಲೆಂಡಿನ ಎಂಜಿಬಿ ಸ್ಪೋರ್ಟ್ಸ್ ಕಾರುಗಳಲ್ಲಿ ಇಂದಿಗೂ ಓಡುತ್ತಿದ್ದಾರೆ. ಹಾಗಾಗಿ ಈ ಮನೆತನದ ಕಾಯಿಲೆ-ಕಸಾಲೆಗಳೇನೂ ಗುಟ್ಟಲ್ಲ.

ಸೆಲ್ಫ್! ಎಂಥ ಪದ ನೋಡಿ. ಗಾಡಿಯನ್ನು ತಾನೇ ಶುರುಮಾಡುವ ಸಾಧನ ಎಂಬರ್ಥದ ‘ಸೆಲ್ಫ್ ಸ್ಟಾರ್ಟರ್’ ಎಂಬ ಇಂಗ್ಲಿಷ್ ಜೋಡಿಪದದಲ್ಲಿ ಅರ್ಧವನ್ನು ಕತ್ತರಿಸಿ ಬಿಸಾಕಿ, ಉಳಿದರ್ಧವನ್ನು ನಮ್ಮ ಮೆಕ್ಯಾನಿಕ್‌ಗಳು ಸ್ವಂತ ಮಾಡಿಕೊಂಡರು. ಸೆಲ್ಫ್ ಹೊಡಿ, ಸೆಲ್ಫ್ ತಗೊಳ್ತಿಲ್ಲ, ಸೆಲ್ಫ್ ಕಚ್ಕೊಂಡಿದೆ, ಸೆಲ್ಫ್ ಬಿಚ್ಚಬೇಕು. ವೇದಾಂತಿಗಳು ಹುಡುಕಿ ಸುಸ್ತಾದದ್ದನ್ನು ನಮ್ಮ ಆಟೋ ಎಲೆಕ್ಟ್ರಿಷಿಯನ್ ಗೋಣಿಚೀಲದಲ್ಲಿ ಸುತ್ತಿ ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿಕೊಂಡು ಹೋಗುತ್ತಾನೆ. ಏಳೆಂಟು ಕಿಲೊ ತೂಗುತ್ತದೆ.

ಅವತ್ತು ಡಿಕ್ಕಿಯಿಂದ ಇಂಜಿನ್ ತಿರುಗಿಸುವ ಹ್ಯಾಂಡಲ್ ತೆಗೆದೆ. ಅಂಬಾಸಿಡರಿನ ಮುಂದಿನ ಬಂಪರಿನಲ್ಲಿ ಅದಕ್ಕೊಂದು ತೂತಿದೆ ಎಂಬುದೇ ಈಗಿನ ಹುಡುಗರಿಗೆ ಗೊತ್ತಿಲ್ಲ. ಅಪ್ಪ ಕಲಿಸಿದ್ದು ಎರಡೇ ಪಾಠ: ಹೆಬ್ಬೆರಳನ್ನು ಹಿಡಿಯ ಸುತ್ತ ಸುತ್ತಬಾರದು, ಉಳಿದ ನಾಲ್ಕು ಬೆರಳಿನ ಜೊತೆಗೇ ಇರಬೇಕು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಕೆಳಕ್ಕೆ ಒತ್ತಲೇಬಾರದು. ಇಂಜಿನ್ ತಿರುಗಿ ಒದ್ದರೆ ಬೆರಳು ಜಾರಿ ಬಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಮಣಿಕಟ್ಟು ಮುರಿಯುತ್ತದೆ. ಮೂರನೆಯ ಎಳೆತಕ್ಕೆ ಇಂಜಿನ್ ಹಿಡಿಯಿತು. ನಂಜುಂಡೇಶ್ವರನ ದರ್ಶನವೂ ಆಯಿತು. ದೇವಸ್ಥಾನದ ಹತ್ತಿರ ಇಂಜಿನ್ ಆಫ್ ಮಾಡಲು ಧೈರ್ಯ ಸಾಲದೆ ನಾನು ಗಾಡಿಯಲ್ಲೇ ಉಳಿದು, ಉಳಿದ ಮೂವರು ಒಳಗೆ ಹೋಗಿ ಬಂದರು ಎಂಬುದು ಬೇರೆ ಮಾತು.

ಮಣಿಕಟ್ಟು ಮುರಿಯುವ ಈ ಕಾಟದಿಂದ ಬಿಡಿಸಿದವನು ಅಮೆರಿಕದ ಓಹಾಯೋದ ಚಾರ್ಲ್ಸ್ ಕೆಟರಿಂಗ್. 1911ರಲ್ಲಿ ಅವನು ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಿಗೆ ಬಂತು. ಅದಕ್ಕೂ ಮೊದಲು ಅವನು ಅಂಗಡಿಗಳ ಗಲ್ಲಾಪೆಟ್ಟಿಗೆ ಮಾಡುವ ಕಂಪನಿಯಲ್ಲಿದ್ದ. ಗುಂಡಿ ಒತ್ತಿದರೆ ಗಲ್ಲಾ ತೆರೆಯುವಂತೆ ಒಂದು ಪುಟ್ಟ ಮೋಟಾರು ಕೂರಿಸಿದ್ದ. ಇಂಜಿನ್ ತಿರುಗಿಸುವಷ್ಟು ದೊಡ್ಡ ಮೋಟಾರು ಕಾರಿನಲ್ಲಿ ಹಿಡಿಸುವುದಿಲ್ಲ ಎಂದು ಬಲ್ಲವರೆಲ್ಲ ಲೆಕ್ಕ ಹಾಕಿ ಕೈಬಿಟ್ಟಿದ್ದರು. ಇಡೀ ದಿನ ಓಡುವ ಮೋಟಾರಿಗೆ ಆ ಲೆಕ್ಕ ಸರಿ. ಆದರೆ ಗಲ್ಲಾಪೆಟ್ಟಿಗೆಯ ಮೋಟಾರಿನ ಹಾಗೆ ಕೆಲವೇ ಸೆಕೆಂಡು ದುಡಿದು ಸುಮ್ಮನಾಗುವುದಾದರೆ ಸಣ್ಣದರಿಂದಲೇ ಅದರ ಶಕ್ತಿ ಮೀರಿ ಕೆಲಸ ತೆಗೆಯಬಹುದು. ಕೆಟರಿಂಗ್ ಹಿಡಿದದ್ದು ಆ ಎಳೆಯನ್ನು.

ಅಂದರೆ ಸೆಲ್ಫ್ ಹುಟ್ಟಿದ್ದೇ ಅಲ್ಪಾವಧಿಯ ದುಡಿಮೆಗೆ. ಹತ್ತು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ, ನಡುವೆ ಅರ್ಧ ನಿಮಿಷವಾದರೂ ತಣಿಯಲು ಬಿಡಿ ಎಂದು ಹಳಬರು ಹೇಳುವುದು ಅದಕ್ಕೇ. ನಮ್ಮ ರಸ್ತೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ‘ಕುಯ್ಯೋ ಕುಯ್ಯೋ’ ಅನ್ನಿಸುತ್ತಲೇ ಇರುವ ಮಹನೀಯರೊಬ್ಬರಿದ್ದಾರೆ. ಅವರ ಗಾಡಿಯದು ನನಗೆ ಪ್ರತಿ ದಿನ ಕೇಳುವ ಗೋಳು.

ನಂಜನಗೂಡಿನಿಂದ ಬಂದ ಮೇಲೆ ಬಾನೆಟ್ ಎತ್ತಿ ನಿಂತೆ. ಸಂಶಯವೆಲ್ಲ ಸೆಲ್ಫ್ ಮೇಲೆಯೇ. ಆದರೆ ಸದ್ದು ಮಾಡಿದವರೇ ತಪ್ಪಿತಸ್ಥರಾಗಬೇಕಿಲ್ಲ. ಹೆಡ್‌ಲೈಟ್ ಹಾಕಿಕೊಂಡು ಸೆಲ್ಫ್ ಹೊಡೆದು ನೋಡುವುದು ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ದೀಪ ಪೂರ್ತಿ ಆರಿದಂತಾದರೆ ಬ್ಯಾಟರಿಯನ್ನೋ ಅದರ ಟರ್ಮಿನಲ್ಲನ್ನೋ ನೋಡಿ. ದೀಪ ಮಂಕಾಗಿ ಮೋಟಾರು ನರಳಿದರೆ ಎಲ್ಲೋ ಬಿಗಿತ. ದೀಪ ಹೆಚ್ಚುಕಮ್ಮಿ ಹಾಗೇ ಉರಿಯುತ್ತ ಬರೀ ಟಕ್ ಅಂದರೆ ಕರೆಂಟು ಮೋಟಾರಿಗೆ ಸಾಕಷ್ಟು ಹೋಗುತ್ತಿಲ್ಲ. ನಮ್ಮದು ಮೂರನೆಯ ಜಾತಿ.

ಮಲ್ಟಿಮೀಟರ್ ತಂದೆ. ಬ್ಯಾಟರಿ 12.5 ವೋಲ್ಟ್, ಆರೋಗ್ಯವಾಗಿತ್ತು. ಮಗಳನ್ನು ಒಳಗೆ ಕೂರಿಸಿ ಕೀಲಿ ತಿರುಗಿಸು ಅಂದೆ. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಇಂಜಿನ್ನಿನ ಬರಿಯ ಲೋಹದ ಮೇಲೆ. ಎರಡೂ ಅರ್ತ್ ಆದ್ದರಿಂದ ಮೀಟರು ಸೊನ್ನೆಯ ಹತ್ತಿರ ಇರಬೇಕು, ಅರ್ಧ ವೋಲ್ಟಿನೊಳಗೆ. ನಾಲ್ಕು ತೋರಿಸಿತು. “ಅಪ್ಪಾ, ಚೋಕ್ ಬಿಸಿಯಾಗಿದೆ” ಎಂದು ಒಳಗಿನಿಂದ ಮಗಳು ಕೂಗಿದಳು.

ಎಲ್ಲ ಅರ್ಥವಾಗಿಹೋಯಿತು. ಇಂಜಿನ್ ಕೂತಿರುವುದು ರಬ್ಬರಿನ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಹಾಗಾಗಿ ಇಂಜಿನ್ನಿಗೂ ಬಾಡಿಗೂ ನಡುವೆ ತಾಮ್ರದ ಎಳೆ ಹೆಣೆದ ಒಂದು ಪಟ್ಟಿ ಹಾಕಿರುತ್ತಾರೆ, ಜಡೆಯ ಹಾಗೆ ಕಾಣುವ ಅರ್ತ್ ಪಟ್ಟಿ. ನಮ್ಮದರ ಒಂದು ತುದಿ ಹಸಿರು ಕಿಲುಬು ಹಿಡಿದು ಎರಡು ಎಳೆಯ ಮೇಲೆ ನೇತಾಡುತ್ತಿತ್ತು. ದಾರಿ ಸಿಗದ ಕರೆಂಟು, ಇಂಜಿನ್ನಿಗೂ ಬಾಡಿಗೂ ನಂಟಿರುವ ಇನ್ನೊಂದು ಲೋಹ ಹುಡುಕಿಕೊಂಡಿತ್ತು: ಚೋಕಿನ ತಂತಿ. ಇನ್ನಷ್ಟು ಹೊತ್ತು ಒತ್ತಿದ್ದರೆ ಅದು ಹೊಗೆಯಾಡುತ್ತಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಮನೆಯ ಇಸ್ತ್ರಿಪೆಟ್ಟಿಗೆ ಎಳೆಯುವುದು ನಾಲ್ಕೈದು ಆಂಪಿಯರ್. ಇಂಜಿನ್ ತಿರುಗಿಸುವಾಗ ಸೆಲ್ಫ್ ಎಳೆಯುವುದು 150 ಆಂಪಿಯರ್ ಆಸುಪಾಸು, ಶುರುವಿನ ಎಳೆತದಲ್ಲಿ ಇನ್ನೂ ಹೆಚ್ಚು. ದಾರಿಯಲ್ಲಿ ಒಂದು ಓಮಿನ ಐವತ್ತರಲ್ಲಿ ಒಂದು ಪಾಲು ಅಡ್ಡಿ ಇದ್ದರೂ 3 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ದೀಪಕ್ಕೆ, ಹಾರ್ನಿಗೆ ಅಷ್ಟು ಅಡ್ಡಿ ಗೊತ್ತೇ ಆಗುವುದಿಲ್ಲ. ಆದ್ದರಿಂದ ‘ಲೈಟೆಲ್ಲ ಚೆನ್ನಾಗಿದೆ, ಸೆಲ್ಫೇ ಹೋಗಿದೆ’ ಎಂಬ ತೀರ್ಮಾನ. ಎಷ್ಟು ನಿರಪರಾಧಿ ಸೆಲ್ಫ್‌ಗಳು ಹೀಗೆ ಗುಜರಿಗೆ ಹೋಗಿವೆಯೋ!

ಹೊಸ ಪಟ್ಟಿ ಹಾಕಿ, ಕೂರುವ ಜಾಗದ ಬಣ್ಣ-ತುಕ್ಕನ್ನು ಉಪ್ಪುಕಾಗದದಲ್ಲಿ ಉಜ್ಜಿ, ವಾಷರ್ ಇಟ್ಟು ಬಿಗಿದೆ. ಸೆಲ್ಫ್ ಹೊಡೆದರೆ ಇಂಜಿನ್ ಎದ್ದು ನಿಂತಿತು. ಪಕ್ಕದ ಮನೆಯವರಿಗೆ ಕೇಳಿಸಲಿ ಎಂದು ಒಂದೆರಡು ಸಲ ಹೆಚ್ಚಿಗೆಯೇ ಹೊಡೆದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಈ ಅಂಕಣಕ್ಕೆ ಇಷ್ಟು ಜಾಗ ಬೇಕಿರಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಬೇರೆ ರಾಗ. ಸೆಲ್ಫ್ ಹೊಡೆದರೆ ‘ಸೊಂಯ್’ ಎಂದು ಮೋಟಾರು ತಾನೊಂದೇ ತಿರುಗುವುದು, ಇಂಜಿನ್ ಗುಮ್ಮೆನ್ನದೆ ಕೂತಿರುವುದು. ಇನ್ನೊಂದು ದಿನ ‘ಕಟ್’ ಎಂದು ಕಚ್ಚಿಕೊಂಡು ಅಲ್ಲಾಡದಾಯಿತು. ಪಕ್ಕದ ಮನೆಯವರ ಮಾತೂ ಪೂರ್ತಿ ಸುಳ್ಳಲ್ಲ. ಸೆಲ್ಫ್ ಹೋಗಿರಲಿಲ್ಲ, ಹೋಗುತ್ತಿತ್ತು.

ಆ ಕಾಲದ ಸೆಲ್ಫ್ ಒಳಗಿನ ಆಟ ನೋಡಲು ಚೆಂದ. ಮೋಟಾರಿನ ದಂಡದ ಮೇಲೆ ಸ್ಕ್ರೂವಿನ ಹಾಗೆ ಓರೆಯಾಗಿ ಗೆರೆ ಕೊರೆದ ಒಂದು ಕೊಳವೆ. ಅದರ ಮೇಲೆ ಸಡಿಲವಾಗಿ ಕೂತ ಸಣ್ಣ ಹಲ್ಲುಗಾಲಿ, ಪಿನಿಯನ್. ಮೋಟಾರು ಥಟ್ಟನೆ ತಿರುಗಿದಾಗ ಭಾರದ ಪಿನಿಯನ್ ಅದರ ಜೊತೆ ಕೂಡಲೇ ತಿರುಗದೆ ಜಡವಾಗಿ ಹಿಂದುಳಿಯುತ್ತದೆ. ಹಾಗೆ ಹಿಂದುಳಿದದ್ದಕ್ಕೇ ಸ್ಕ್ರೂವಿನ ಮೇಲೆ ಸರಿದು ಹೋಗಿ ಫ್ಲೈವೀಲಿನ ಅಂಚಿನ ರಿಂಗ್ ಗೇರಿಗೆ ಹಲ್ಲು ಕೊಡುತ್ತದೆ. ಇಂಜಿನ್ ಹಿಡಿದು ಫ್ಲೈವೀಲು ಜೋರಾದ ಕೂಡಲೇ ಅದೇ ಪಿನಿಯನ್ನನ್ನು ಒದ್ದು ವಾಪಸ್ ಕಳಿಸುತ್ತದೆ. ಹೊಡೆತ ತಡೆಯಲು ದಪ್ಪ ಸ್ಪ್ರಿಂಗ್. ಇದನ್ನೆಲ್ಲ ಸೇರಿಸಿ ನಮ್ಮವರು ಕರೆಯುವುದು ಬೆಂಡಿಕ್ಸ್. ಅಮೆರಿಕದ ವಿನ್ಸೆಂಟ್ ಬೆಂಡಿಕ್ಸ್‌ನ ಹೆಸರದು. ಮನುಷ್ಯನ ಹೆಸರೆಂದು ಗ್ಯಾರೇಜಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಬೆಂಡಿಕ್ಸಿಗೆ ಎಣ್ಣೆ ಬಿಡಬಾರದು. ಹಲವರು ಮಾಡುವ ಮೊದಲ ಉಪಚಾರವೇ ಅದು. ಕ್ಲಚ್ಚಿನ ಧೂಳೆಲ್ಲ ಆ ಎಣ್ಣೆಗೆ ಅಂಟಿ ಕರಿ ಅಂಟಾಗಿ, ಜಾರಬೇಕಾದ ಪಿನಿಯನ್ ಜಾಗದಲ್ಲೇ ಕೂತುಬಿಡುತ್ತದೆ. ನಮ್ಮ ‘ಸೊಂಯ್’ಗೆ ಅರ್ಧ ಕಾರಣ ಅದೇ. ಯಾವನೋ ಪುಣ್ಯಾತ್ಮ ಗ್ರೀಸ್ ಬಳಿದಿದ್ದ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಬೇಕು, ಅಷ್ಟೆ. ಇನ್ನು ಕಚ್ಚಿಕೊಂಡಾಗ ಬಿಡಿಸಲು ಈ ಸೆಲ್ಫ್‌ಗಳ ಹಿಂತುದಿಯಲ್ಲಿ ಒಂದು ತಗಡಿನ ಟೊಪ್ಪಿ ಇರುತ್ತದೆ. ತೆಗೆದರೆ ದಂಡದ ಚೌಕಾಕಾರದ ತುದಿ. ಪಾನಾ ಹಾಕಿ ತಿರುವಿದರೆ ಬಿಟ್ಟುಕೊಳ್ಳುತ್ತದೆ. ಕೈ ಕೊಳೆ ಮಾಡಿಕೊಳ್ಳಲು ಮನಸ್ಸಿಲ್ಲದಿದ್ದರೆ ಟಾಪ್ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿ, ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ.

ಸರಿ, ಬದಲಿ ಸೆಲ್ಫ್ ಹುಡುಕಲು ಹೊರಟೆ. ಹಳೆಯದನ್ನು ಬಿಚ್ಚದೆ ಹೊರಟದ್ದು ನನ್ನ ತಪ್ಪು.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ “ಅಂಬಾಸಿಡರ್ ಸೆಲ್ಫ್ ಕೊಡಿ” ಅಂದೆ. ಆತ ತಲೆ ಎತ್ತದೆ “ಯಾವ ಅಂಬಾಸಿಡರು?” ಅಂದ. ನ್ಯಾಯವಾದ ಪ್ರಶ್ನೆ. ಹೊರಗಿನಿಂದ ಒಂದೇ ಮುಖದ ಕಾರು, ಒಳಗೆ ನಮ್ಮ ಹಳೆಯ ಪೆಟ್ರೋಲ್ ಇಂಜಿನ್ ಇರಬಹುದು, ಡೀಸೆಲ್ ಇರಬಹುದು, ಆಮೇಲೆ ಬಂದ 1800ರ ಇಸುಜು ಇರಬಹುದು. ಡೀಸೆಲ್ಲಿನ ಒತ್ತಡ ಮೀರಿ ತಿರುಗಿಸಲು ಇನ್ನೂ ಗಟ್ಟಿ ಮೋಟಾರೇ ಬೇಕು. “ಹಳೇ ಪೆಟ್ರೋಲು, ಲ್ಯೂಕಸ್” ಅಂದೆ. ಇಂಗ್ಲೆಂಡಿನ ಲ್ಯೂಕಸ್ ಕಂಪನಿಯನ್ನು ಅಲ್ಲಿನ ಹಳೆ ಕಾರಿನ ಭಕ್ತರು ‘ಕತ್ತಲೆಯ ರಾಜಕುಮಾರ’ ಎಂದು ಗೇಲಿ ಮಾಡುತ್ತಾರೆ, ದೀಪಗಳು ನಡುದಾರಿಯಲ್ಲಿ ಕೈಕೊಡುತ್ತಿದ್ದುದರಿಂದ. ನಮ್ಮಲ್ಲಿ 1961ರಲ್ಲಿ ಮದ್ರಾಸಿನಲ್ಲಿ ಅದು ಟಿವಿಎಸ್ ಜೊತೆ ಸೇರಿ ಲ್ಯೂಕಸ್-ಟಿವಿಎಸ್ ಆಯಿತು. ಆ ಹೆಸರಿನ ಸೆಲ್ಫ್‌ಗಳನ್ನು ನಾನಂತೂ ಗೇಲಿ ಮಾಡಲಾರೆ. ನಮ್ಮದು ಅಪ್ಪನ ಕಾಲದಿಂದಲೂ ದುಡಿದಿತ್ತು.

ಕಪ್ಪು ಬಣ್ಣ ಮಿರಮಿರ ಮಿಂಚುವ ಒಂದನ್ನು ತೋರಿಸಿದ. ಉದ್ದ ಅದೇ, ದಪ್ಪ ಅದೇ, ಎರಡು ಬೋಲ್ಟಿನ ಕಿವಿಯೂ ಅದೇ. ದುಡ್ಡು ಕೊಟ್ಟೆ. ಬ್ಯಾಗಿನಲ್ಲಿ ಹಾಕಿಕೊಂಡು ಮೈಸೂರಿನ ರೈಲು ಹತ್ತಿದೆ. ಎದುರಿಗಿದ್ದ ಅಜ್ಜಿ “ಏನಪ್ಪಾ, ರುಬ್ಬೋಗುಂಡಾ?” ಎಂದು ಕೇಳಿದರು.

ಮನೆಯಲ್ಲಿ ಹಳೆಯದನ್ನು ಬಿಚ್ಚಿ ಪಕ್ಕದಲ್ಲಿಟ್ಟೆ. ಪಿನಿಯನ್ನಿನ ಒಂದು ಹಲ್ಲಿಗೆ ಸೀಮೆಸುಣ್ಣ ಬಳಿದು ಎಣಿಸಿದೆ. ಹೊಸದರಲ್ಲಿ ಒಂದು ಹಲ್ಲು ಹೆಚ್ಚು! ಲ್ಯೂಕಸ್ಸಿನ ಇಂಥ ಸೆಲ್ಫ್‌ಗಳಲ್ಲಿ 9 ಹಲ್ಲಿನವೂ ಇವೆ, 10 ಹಲ್ಲಿನವೂ ಇವೆ, ಮೈಕಟ್ಟಿನಲ್ಲಿ ಅವಳಿ-ಜವಳಿ. ಆದರೆ ಒಂದು ಹಲ್ಲು ಹೆಚ್ಚಾದರೆ ಪಿನಿಯನ್ನಿನ ಸುತ್ತಳತೆ ಬೇರೆ. ಬೋಲ್ಟಿನ ತೂತು ಸರಿಹೊಂದಿದ ಮಾತ್ರಕ್ಕೆ ಅದು ರಿಂಗ್ ಗೇರಿಗೆ ಸರಿಯಾಗಿ ಹಲ್ಲು ಕೊಡುವುದಿಲ್ಲ. ಒಂದೋ ಕಚ್ಚಿಕೊಳ್ಳುತ್ತದೆ, ಇಲ್ಲವೇ ಹಲ್ಲಿನ ತುದಿಯನ್ನೇ ಕೆರೆಯುತ್ತ ದಿನಕ್ಕಿಷ್ಟು ಸವೆಸುತ್ತದೆ. ಸೆಲ್ಫ್ ಸವೆದರೆ ಬದಲಿಸಬಹುದು. ರಿಂಗ್ ಗೇರ್ ಸವೆದರೆ ಗೇರ್‌ಬಾಕ್ಸನ್ನೋ ಇಂಜಿನ್ನನ್ನೋ ಇಳಿಸಬೇಕು. ಅಂಗಡಿಗೆ ಫೋನು ಮಾಡಿದರೆ “ಎಲೆಕ್ಟ್ರಿಕಲ್ ಐಟಂ ವಾಪಸ್ ತಗೊಳಲ್ಲ, ಬಿಲ್ ಹಿಂದೆ ಬರೆದಿದೆ ನೋಡಿ” ಅಂದ. ನೋಡಿದೆ. ಬಿಲ್ಲೇ ಕೊಟ್ಟಿರಲಿಲ್ಲ.

ಹಲ್ಲಿನ ಲೆಕ್ಕದ ಜೊತೆಗೆ ನೋಡಬೇಕಾದದ್ದು ಇನ್ನೂ ಇದೆ. ಮೋಟಾರು ಎತ್ತ ತಿರುಗುತ್ತದೆ? ರಿಂಗ್ ಗೇರಿನ ಹಲ್ಲಿನ ಅಂಚನ್ನು ಯಾವ ಮಗ್ಗುಲಿಗೆ ಓರೆ ಮಾಡಿದ್ದಾರೆ? ಪಿನಿಯನ್ ನುಗ್ಗುವ ಕಡೆ ಅಂಚು ಓರೆಯಾಗಿರಬೇಕು. ಎದುರು ಕಡೆಯಿಂದ ನುಗ್ಗುವ ಸೆಲ್ಫ್ ಹಾಕಿದರೆ ಚೂಪಂಚಿಗೆ ಚೂಪಂಚು ಬಡಿದು ಎರಡೂ ಹಾಳು.

ಹೊಸಗಾಲದ ಸೆಲ್ಫ್ ಹಾಕಿಸು ಎಂದವರೂ ಇದ್ದಾರೆ. ಈಗಿನ ಗೇರ್ ರಿಡಕ್ಷನ್ ಸೆಲ್ಫ್‌ಗಳು ನಿಜಕ್ಕೂ ಒಳ್ಳೆಯ ಸರಕು. ಸಣ್ಣ ಮೋಟಾರು ಜೋರಾಗಿ ತಿರುಗಿ, ಒಳಗಿನ ಗೇರು ಆ ವೇಗವನ್ನು ಬಲವಾಗಿ ಬದಲಿಸಿ ಕೊಡುತ್ತದೆ. ತೂಕ ಕಡಿಮೆ, ಬ್ಯಾಟರಿಯಿಂದ ಎಳೆಯುವ ಕರೆಂಟೂ ಕಡಿಮೆ. ಅದರ ಬೆನ್ನ ಮೇಲೆ ಕೂತ ಸೊಲೆನಾಯ್ಡ್ ಎಂಬ ವಿದ್ಯುತ್ ಸ್ವಿಚ್ಚು ಮೊದಲು ಪಿನಿಯನ್ನನ್ನು ಮೆಲ್ಲಗೆ ತಳ್ಳಿ ಹಲ್ಲು ಸೇರಿಸಿ, ಆಮೇಲೆ ಮೋಟಾರಿಗೆ ಕರೆಂಟು ಬಿಡುತ್ತದೆ. ನಮ್ಮ ಬೆಂಡಿಕ್ಸಿನ ಹಾಗೆ ಢಿಕ್ಕಿ ಹೊಡೆದು ನುಗ್ಗುವ ಒರಟುತನವಿಲ್ಲ. ವಿದೇಶದಲ್ಲಿ ನಮ್ಮ ಇಂಜಿನ್ನಿನ ಬಂಧುಗಳಿಗೆ ಇಂಥವನ್ನು ಹಳೆಯ ರಿಂಗ್ ಗೇರಿಗೆ ಹೊಂದುವ ಹಲ್ಲಿನೊಂದಿಗೇ ಮಾಡಿ ಮಾರುತ್ತಾರೆ. ದಿನವೂ ಗಾಡಿ ಓಡಿಸುವವರು ಅದನ್ನು ಹಾಕಿಸಿಕೊಂಡರೆ ನಾನು ಮೂಗು ಮುರಿಯುವುದಿಲ್ಲ. ಬ್ಯಾಟರಿಯ ದಪ್ಪ ಕೇಬಲ್ ಆಗ ಸದಾ ಜೀವಂತವಾಗಿ ಸೆಲ್ಫಿನವರೆಗೂ ಬರುತ್ತದೆಂಬುದನ್ನು ಮಾತ್ರ ಮರೆಯದೆ, ಬಿಸಿ ತಾಗದಂತೆ, ಎಲ್ಲೂ ಉಜ್ಜದಂತೆ ಕಟ್ಟಬೇಕು.

ಇಂಥದೇ ಒಂದನ್ನು ನನ್ನ ಸ್ನೇಹಿತರೊಬ್ಬರು ತಮ್ಮ 50ರ ದಶಕದ ಮಾರಿಸ್ ಮೈನರ್‌ಗೆ ತರಿಸಿದರು. ಕೂರಿಸಿ ಸ್ವಿಚ್ ಒತ್ತಿದರೆ ಮೋಟಾರು ಸೊಗಸಾಗಿ ತಿರುಗುತ್ತದೆ, ಪಿನಿಯನ್ ಹಲ್ಲು ಕೊಡುತ್ತದೆ, ಇಂಜಿನ್ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಮೂರು ದಿನ ಮೂರು ಮೆಕ್ಯಾನಿಕ್. ಮಾಲು ಡೂಪ್ಲಿಕೇಟು ಎಂದು ಮೂವರೂ ಷರಾ ಬರೆದರು. ಮಾಲು ಅಸಲಿಯೇ ಆಗಿತ್ತು. ಆ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ಕಂಬವೇ ಅರ್ತ್. ಹಳೆಯ ಸೆಲ್ಫ್‌ಗಳಿಗೆ ಇದರಿಂದ ತೊಂದರೆಯಿರಲಿಲ್ಲ. ಅವುಗಳಲ್ಲಿ ಹೊರಗಿನ ಅಯಸ್ಕಾಂತವೂ ಕಾಯಿಲ್ ಸುತ್ತಿದ್ದೇ, ಒಳಗಿನದೂ ಕಾಯಿಲ್ ಸುತ್ತಿದ್ದೇ. ಕರೆಂಟಿನ ದಿಕ್ಕು ಬದಲಾದರೆ ಎರಡರದೂ ಒಟ್ಟಿಗೇ ಬದಲಾಗಿ ಮೋಟಾರು ಎಂದಿನಂತೆಯೇ ತಿರುಗುತ್ತದೆ. ಇವರು ತರಿಸಿದ್ದರಲ್ಲಿ ಹೊರಗಿನದು ಶಾಶ್ವತ ಅಯಸ್ಕಾಂತ. ಅದು ತನ್ನ ದಿಕ್ಕು ಬಿಡುವುದಿಲ್ಲ. ಹಾಗಾಗಿ ಮೋಟಾರು ಉಲ್ಟಾ ತಿರುಗಿತು. ಉಲ್ಟಾ ತಿರುಗಿದರೆ ಅದರೊಳಗಿನ ಏಕಮುಖ ಕ್ಲಚ್ಚು ಸೈಕಲ್ಲಿನ ಫ್ರೀವೀಲಿನ ಹಾಗೆ ಜಾರುತ್ತದೆ, ಇಂಜಿನ್ನಿಗೆ ಬಲವೇ ಮುಟ್ಟುವುದಿಲ್ಲ. ಕೊನೆಗೆ ಅವರು ಇಡೀ ಕಾರನ್ನೇ ನೆಗೆಟಿವ್ ಅರ್ತಿಗೆ ತಿರುಗಿಸಿದರು: ಬ್ಯಾಟರಿ ಅದಲುಬದಲು, ಕಾಯಿಲ್ಲಿನ ತಂತಿ ಅದಲುಬದಲು, ಡೈನಮೋಗೆ ಹೊಸ ದಿಕ್ಕಿನ ದೀಕ್ಷೆ. ಒಂದು ಸೆಲ್ಫಿಗಾಗಿ ಮನೆಯ ವಾಸ್ತುವನ್ನೇ ಬದಲಿಸಿದ ಹಾಗೆ.

ನಾನು ಮಾತ್ರ ನಮ್ಮ ಮೈಸೂರಿನ ಮಂಡಿ ಮೊಹಲ್ಲದ ಓಣಿಯೊಂದರಲ್ಲಿರುವ ಹಳೆಯ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅಂಗಡಿಗೆ ಬೋರ್ಡಿಲ್ಲ, ಬಾಗಿಲಲ್ಲಿ ನೇತುಹಾಕಿದ ಸುಟ್ಟ ಆರ್ಮೇಚರ್‌ಗಳ ತೋರಣವೇ ಬೋರ್ಡು. ನನ್ನ ಎರಡೂ ಸೆಲ್ಫ್‌ಗಳನ್ನು ಮೇಜಿನ ಮೇಲಿಟ್ಟೆ. ಹೊಸದನ್ನು ಅವರು ಎರಡು ಬೆರಳಿನಲ್ಲಿ ಅತ್ತ ಸರಿಸಿದರು.

ಹಳೆಯದರ ಉದ್ದನೆಯ ಎರಡು ಬೋಲ್ಟು ಬಿಚ್ಚಿ ಮುಚ್ಚಳ ತೆಗೆದಾಗ ಕಾರ್ಬನ್ನಿನ ಕರಿಪುಡಿ ಕಾಡಿಗೆಯ ಹಾಗೆ ಮೇಜಿನ ಮೇಲೆ ಚೆಲ್ಲಿತು. ಸುಟ್ಟ ವಾರ್ನಿಷ್ಷಿನ ವಾಸನೆಯಿರಲಿಲ್ಲ. ಅವರು ಮೂಸಿ ನೋಡಿ “ಕಾಯಿಲ್ ಬದುಕಿದೆ” ಅಂದರು. ನಾಲ್ಕು ಕಾರ್ಬನ್ ಬ್ರಷ್‌ಗಳೂ ಉಗುರಿನಷ್ಟಕ್ಕೆ ಸವೆದಿದ್ದವು. ದಂಡವನ್ನು ಹಿಡಿದಿರುವ ಬುಷ್ಷು ಸಡಿಲವಾಗಿ, ಒಳಗೆ ತಿರುಗುವ ಆರ್ಮೇಚರ್ ಒಂದು ಕಡೆಗೆ ಜೋತು, ಒಳಗೋಡೆಯ ಕಬ್ಬಿಣವನ್ನು ಉಜ್ಜಿದ ಹೊಳಪು ಎದ್ದು ಕಾಣುತ್ತಿತ್ತು. ತಾಮ್ರದ ಕಾಮ್ಯುಟೇಟರಿನ ಮೇಲೆ ಬ್ರಷ್ ಓಡಿದ ಹಾದಿಯಲ್ಲಿ ಕಪ್ಪು ಪಟ್ಟೆ.

ಕೆಲಸಕ್ಕಿದ್ದ ಹುಡುಗ ಕಾಮ್ಯುಟೇಟರನ್ನು ಉಪ್ಪುಕಾಗದದಲ್ಲಿ ಉಜ್ಜಿ, ಹ್ಯಾಕ್ಸಾ ಬ್ಲೇಡಿನ ತುಂಡು ಕೈಗೆತ್ತಿಕೊಂಡು, ತಾಮ್ರದ ಪಟ್ಟಿಗಳ ನಡುವಿನ ಅಭ್ರಕವನ್ನು ಕೆರೆಯಲು ಕೂತ. ಡೈನಮೋ ಆಗಿದ್ದರೆ ಹಾಗೇ ಮಾಡಬೇಕು. ಮುದುಕರು ತಲೆಗೊಂದು ಮೊಟಕಿದರು. “ಅದು ಡೈನಮೋಗೆ ಕಣೋ, ಸೆಲ್ಫಿಗಲ್ಲ.” ಲ್ಯೂಕಸ್ ಸೆಲ್ಫ್‌ಗಳ ಕಾಮ್ಯುಟೇಟರಿನಲ್ಲಿ ಅಭ್ರಕವನ್ನು ತಗ್ಗಿಸಬಾರದೆಂದು ಕಾರಿನ ವರ್ಕ್‌ಶಾಪ್ ಕೈಪಿಡಿಯೇ ಹೇಳುತ್ತದೆ. ಅವರು ಆ ಕೈಪಿಡಿ ಓದಿದವರಲ್ಲ. ನಾನು ಓದಿದ್ದೆ, ಆದರೆ ಹುಡುಗ ಬ್ಲೇಡು ಎತ್ತಿದಾಗ ನನಗೆ ಹೊಳೆದಿರಲಿಲ್ಲ.

ಹೊಸ ಬುಷ್ ಬಂತು. ಕೂಡಲೇ ಬಡಿದು ಕೂರಿಸುತ್ತಾರೆ ಅಂದುಕೊಂಡೆ. ಅವರು ಅದನ್ನು ಒಂದು ಸ್ಟೀಲ್ ಲೋಟದ ಇಂಜಿನ್ ಆಯಿಲಿನಲ್ಲಿ ಮುಳುಗಿಸಿ “ನಾಳೆ ಬನ್ನಿ” ಅಂದರು. ಈ ಕಂಚಿನ ಬುಷ್‌ಗಳು ಇಡ್ಲಿಯ ಹಾಗೆ ಒಳಗೆಲ್ಲ ಸಣ್ಣ ಸಣ್ಣ ರಂಧ್ರ. ಒಂದು ಹಗಲು ಒಂದು ರಾತ್ರಿ ಎಣ್ಣೆ ಕುಡಿದರೆ ವರ್ಷಗಟ್ಟಲೆ ಅದೇ ಎಣ್ಣೆಯನ್ನು ಬೆವರುತ್ತ ದಂಡವನ್ನು ಕಾಯುತ್ತವೆ. ಕುಡಿಸದೆ ಹಾಕಿದರೆ ಕೆಲವೇ ದಿನಗಳಲ್ಲಿ ಕಿರುಗುಟ್ಟಲು ಶುರು. ಮರುದಿನ ಹೋದಾಗ ಬೆಂಡಿಕ್ಸಿನ ಸ್ಪ್ರಿಂಗನ್ನೂ ಬದಲಿಸಿದ್ದರು. ಸೆಲ್ಫನ್ನು ಬೆಂಚ್‌ವೈಸಿಗೆ ಬಿಗಿದು, ಬ್ಯಾಟರಿಯ ಕೇಬಲ್ ತಾಗಿಸಿದರು. ಪಿನಿಯನ್ ಥಳ್ಳನೆ ಚಿಮ್ಮಿ ಮುಂದೆ ಬಂತು. ಇಡೀ ಮೇಜು ಒಂದು ಸಲ ಜಿಗಿಯಿತು. ವೈಸಿಗೆ ಹಾಕದೆ ಕೈಯಲ್ಲಿ ಹಿಡಿದು ಪರೀಕ್ಷಿಸುವ ಶೂರರಿಗೆ ಆ ಜಿಗಿತವೇ ಉತ್ತರ.

ಕೂರಿಸಿದ್ದು ನಾನೇ. ಮೊದಲ ಕೆಲಸ ಬ್ಯಾಟರಿಯ ಅರ್ತ್ ಕಂಬ ಬಿಚ್ಚುವುದು, ಎರಡನೆಯದು ಕೈಗಡಿಯಾರ, ಉಂಗುರ ತೆಗೆದಿಡುವುದು. ಸೆಲ್ಫಿನ ಕೇಬಲ್‌ಗೆ ಫ್ಯೂಸ್ ಇಲ್ಲ. ಪಾನಾ ತಪ್ಪಿ ಬಾಡಿಗೆ ತಾಗಿದರೆ ವೆಲ್ಡಿಂಗ್ ಆಗುತ್ತದೆ, ನಡುವೆ ಉಂಗುರ ಸಿಕ್ಕಿದರೆ ಬೆರಳು ಸುಟ್ಟುಹೋಗುತ್ತದೆ. ಗೋಣಿಚೀಲ ಹಾಸಿ ಗಾಡಿಯಡಿ ಮಲಗಿದೆ. ಕೆಳಗಿನ ಬೋಲ್ಟು ಸುಲಭ. ಮೇಲಿನದು ಡಿಸ್ಟ್ರಿಬ್ಯೂಟರಿನ ಕೆಳಗೆ ಅಡಗಿ ಕೂತಿದೆ, ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಅರ್ಧ ಸಿಗುತ್ತದೆ. ಪಾನಾ ಒಂದು ಸಲಕ್ಕೆ ಗಡಿಯಾರದ ಐದು ನಿಮಿಷದಷ್ಟು ಮಾತ್ರ ತಿರುಗುತ್ತದೆ. ಅಷ್ಟು ಹೊತ್ತೂ ಏಳೆಂಟು ಕಿಲೊದ ಆ ಗುಂಡು ನನ್ನ ಎದೆಯ ಮೇಲೆ.

ಸೆಲ್ಫ್ ಇಂಜಿನ್ನಿಗೆ ಒರಗುವ ಮುಖಕ್ಕೆ ಬಣ್ಣ ಬಳಿದಿರಬಾರದು. ಅದರ ಅರ್ತಿಗೆ ಬೇರೆ ತಂತಿಯಿಲ್ಲ, ಆ ಮುಖವೇ ದಾರಿ. ಚೆಂದ ಕಾಣಲೆಂದು ಪೂರ್ತಿ ಬಣ್ಣ ಹೊಡೆಸಿ, ಆಮೇಲೆ ‘ಸೆಲ್ಫ್ ತಗೊಳ್ತಿಲ್ಲ’ ಎಂದು ಪರದಾಡಿದವರನ್ನು ಕಂಡಿದ್ದೇನೆ. ಕೇಬಲ್ಲಿನ ನಟ್ಟು ಬಿಗಿಯುವಾಗ ಹಿಂದಿನ ನಟ್ಟನ್ನು ಇನ್ನೊಂದು ಪಾನಾದಲ್ಲಿ ಹಿಡಿದಿರಬೇಕು. ಇಲ್ಲದಿದ್ದರೆ ಕಂಬವೇ ತಿರುಗಿ ಒಳಗೆ ಬೆಸೆದ ಕಾಯಿಲ್ಲಿನ ತುದಿ ಕಿತ್ತುಬರುತ್ತದೆ. ಮಾಡಿದ್ದೆಲ್ಲ ಮತ್ತೆ ಮೊದಲಿನಿಂದ.

ಸೆಲ್ಫ್ ಹೊರಗಿದ್ದಾಗಲೇ ಟಾರ್ಚ್ ಬಿಟ್ಟು ರಿಂಗ್ ಗೇರನ್ನೂ ನೋಡಿಕೊಂಡೆ. ನಾಲ್ಕು ಸಿಲಿಂಡರಿನ ಇಂಜಿನ್ ಆಫ್ ಆಗುವಾಗ ಬೇಕಾದ ಕಡೆ ನಿಲ್ಲುವುದಿಲ್ಲ. ಯಾವುದೋ ಸಿಲಿಂಡರಿನ ಒತ್ತಡಕ್ಕೆ ಸಿಕ್ಕಿ, ಎದುರುಬದುರಾದ ಎರಡೇ ಜಾಗಗಳಲ್ಲಿ ನಿಲ್ಲುತ್ತದೆ. ಹಾಗಾಗಿ ಪಿನಿಯನ್ ಇಷ್ಟು ವರ್ಷವೂ ಹೊಡೆದದ್ದು ಅವೇ ಎರಡು ಜಾಗದ ಹಲ್ಲುಗಳಿಗೆ. ಹ್ಯಾಂಡಲ್ಲಿನಿಂದ ಮೆಲ್ಲಗೆ ತಿರುಗಿಸುತ್ತ ಹೋದರೆ ಎರಡು ಕಡೆ ಹಲ್ಲು ಮೊಂಡು, ಉಳಿದದ್ದು ಹೊಸದರಂತೆ. ಹಿಂದೆ ಫ್ಲೈವೀಲ್ ಇಳಿಸಿದಾಗ ರಿಂಗ್ ಗೇರನ್ನು ಕಾಯಿಸಿ ತೆಗೆದು, ಕಾಲು ಸುತ್ತು ಸರಿಸಿ ಮತ್ತೆ ಕೂರಿಸುತ್ತಿದ್ದರು. ಸವೆಯದ ಹಲ್ಲು ಪಾಳಿಗೆ ಬರುತ್ತಿತ್ತು. ನಮ್ಮದಕ್ಕೆ ಆ ದಿನ ಇನ್ನೂ ಬಂದಿಲ್ಲ. ಬಂದಾಗ ಕ್ಲಚ್ ಪ್ಲೇಟಿನ ಜೊತೆ ಆ ಕೆಲಸವೂ ಆಗಲಿ ಎಂದು ಡೈರಿಯಲ್ಲಿ ಬರೆದಿಟ್ಟಿದ್ದೇನೆ.

ಅರ್ತ್ ಕಂಬ ಬಿಗಿದು ಕೀಲಿ ತಿರುಗಿಸಿದೆ. ‘ಘಳ್’ ಎಂದು ಹಲ್ಲು ಸೇರಿದ ಸದ್ದು, ಎರಡು ಸುತ್ತು, ಇಂಜಿನ್ ಹಿಡಿಯಿತು. ಪಕ್ಕದ ಮನೆಯವರು ಮಹಡಿಯಿಂದ ಬಗ್ಗಿ “ಹೊಸದು ಹಾಕಿಸಿದ್ರಾ ಸಾರ್?” ಅಂದರು. ಹೂಂ ಅನ್ನಲೂ ಆಗದೆ ಉಹೂಂ ಅನ್ನಲೂ ಆಗದೆ ಕೈ ಬೀಸಿದೆ.

ಆ ಮಿರಮಿರ 10 ಹಲ್ಲಿನದು ಈಗಲೂ ಅಟ್ಟದ ಮೇಲಿದೆ. ಗುಜರಿಯವನು ತೂಗಿ ನೋಡಿ, ಒಳಗಿನ ತಾಮ್ರಕ್ಕೆ ಇಷ್ಟು, ಕಬ್ಬಿಣಕ್ಕೆ ಇಷ್ಟು ಎಂದು ಹೇಳಿಯೂ ಹೋದ. ಕೊಡಲಿಲ್ಲ. ನಿಮ್ಮ ಅಟ್ಟದಲ್ಲೋ ಕೊಟ್ಟಿಗೆಯಲ್ಲೋ ಹಳೆಯ ಅಂಬಾಸಿಡರಿನದೋ ಮಾರಿಸ್ ಮೈನರಿನದೋ ಸೆಲ್ಫ್ ಬಿದ್ದಿದ್ದರೆ ತಾಮ್ರದ ತೂಕಕ್ಕೆ ಮಾರಬೇಡಿ. ಪಿನಿಯನ್ನಿನ ಹಲ್ಲು ಎಣಿಸಿ, ಚೀಟಿಯಲ್ಲಿ ಬರೆದು, ದಂಡಕ್ಕೆ ಕಟ್ಟಿ, ನಿಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ ಅಂಗಡಿಯಲ್ಲಿ ಕೊಟ್ಟುಬನ್ನಿ. ಯಾರಿಗೋ ಅದರ ಮುಚ್ಚಳ ಬೇಕಿರುತ್ತದೆ, ಇನ್ಯಾರಿಗೋ ಸ್ಪ್ರಿಂಗು.